ಕಾನೂನು ಮುರಿಯದೆ ತೆರಿಗೆ ಉಳಿಸಿದರೆ ಜನರಿಗೇನು ನಷ್ಟ?

ಪ್ರಶ್ನೆ: ಬಹುರಾಷ್ಟ್ರೀಯ ಕಂಪನಿಗಳು ತೆರಿಗೆ ಇಲ್ಲದ ದ್ವೀಪಗಳಲ್ಲಿ ಅಂಗಸಂಸ್ಥೆ ತೆರೆಯುತ್ತವೆ. ಅದು ಕಾನೂನುಬದ್ಧವೇ ಆಗಿದ್ದರೆ ಜನಸಾಮಾನ್ಯರಿಗೆ ಅದರಿಂದೇನು ನಷ್ಟ?

ಉತ್ತರ: ಲೆಕ್ಕ ಹಾಕಿಯೇ ನೋಡೋಣ. ಕಂಪನಿಯೊಂದು ಒಂದು ದೇಶದಲ್ಲಿ 100 ಕೋಟಿಯ ವ್ಯಾಪಾರ ಮಾಡಿತು ಎನ್ನಿ. ಖರ್ಚು 70 ಕೋಟಿ, ಲಾಭ 30 ಕೋಟಿ. ತೆರಿಗೆ ಶೇ 25 ಇದ್ದರೆ ಬೊಕ್ಕಸಕ್ಕೆ 7.5 ಕೋಟಿ ಬರಬೇಕು. ಆದರೆ ಬ್ರ್ಯಾಂಡಿನ ಹಕ್ಕು ದ್ವೀಪದ ಅಂಗಸಂಸ್ಥೆಯ ಹೆಸರಲ್ಲಿದೆ. ಹೆಸರು ಬಳಸಿದ್ದಕ್ಕೆ 25 ಕೋಟಿ ರಾಯಧನ ಎಂದು ಅಲ್ಲಿಗೆ ಕಳಿಸಿದರೆ ಇಲ್ಲಿ ಉಳಿಯುವ ಲಾಭ 5 ಕೋಟಿ, ತೆರಿಗೆ 1.25 ಕೋಟಿ. 6.25 ಕೋಟಿ ಕೈತಪ್ಪಿತು. ರಾಯಧನ ಹೊರಹೋಗುವಾಗಲೇ ತೆರಿಗೆ ಮುರಿದುಕೊಳ್ಳುವ ನಿಯಮ ಹಲವು ದೇಶಗಳಲ್ಲಿದೆ. ಅದನ್ನು ತಪ್ಪಿಸಲೆಂದೇ ಹಣವನ್ನು, ಆ ತೆರಿಗೆ ಕಡಿಮೆ ಮಾಡುವ ಒಪ್ಪಂದವಿರುವ ಮೂರನೇ ದೇಶದ ಮೂಲಕ ಸುತ್ತಿಸುತ್ತಾರೆ.

ತೆರಿಗೆ ಅಧಿಕಾರಿ ಸೋಲುವುದು ಬೆಲೆಯ ವಿಷಯದಲ್ಲಿ. ಹೊರಗಿನವರಿಗೆ ಕೊಟ್ಟಿದ್ದರೆ ಎಷ್ಟು ಬೆಲೆಯೋ, ಒಂದೇ ಗುಂಪಿನ ಕಂಪನಿಗೂ ಅಷ್ಟೇ ಇರಬೇಕು ಎನ್ನುತ್ತದೆ ನಿಯಮ. ತಾಮ್ರಕ್ಕಾದರೆ ಮಾರುಕಟ್ಟೆ ದರವಿದೆ. ಜಗತ್ತಿನಲ್ಲಿ ಒಂದೇ ಒಂದಿರುವ ಬ್ರ್ಯಾಂಡನ್ನು ಯಾವುದಕ್ಕೆ ಹೋಲಿಸುವುದು? ಅದೂ ಹೆಸರು ಮಾಡುವ ಮೊದಲೇ ಅಗ್ಗದಲ್ಲಿ ದ್ವೀಪಕ್ಕೆ ವರ್ಗಾಯಿಸಿಬಿಟ್ಟಿದ್ದರೆ ವಾದ ಇನ್ನೂ ಕಷ್ಟ. ಇಂಥ ವ್ಯಾಜ್ಯ ವರ್ಷಗಟ್ಟಲೆ ಎಳೆಯುತ್ತದೆ. ಆ್ಯಪಲ್‌ಗೆ ಐರ್ಲೆಂಡ್ ಕೊಟ್ಟ ತೆರಿಗೆ ಅನುಕೂಲ ಅಕ್ರಮ, 1,300 ಕೋಟಿ ಯೂರೊ ವಸೂಲಾಗಬೇಕು ಎಂದು ಐರೋಪ್ಯ ಒಕ್ಕೂಟದ ಆಡಳಿತ ಸಂಸ್ಥೆಯಾದ ಐರೋಪ್ಯ ಆಯೋಗ ಹೇಳಿದ್ದು 2016ರಲ್ಲಿ; ಕೋರ್ಟಿನ ಕೊನೆಯ ತೀರ್ಪು ಬಂದದ್ದು 2024ರಲ್ಲಿ.

ಲಾಭ ಹೀಗೆ ಸಾಗಿಸುವುದರಿಂದ ಜಗತ್ತಿನ ಸರ್ಕಾರಗಳು ವರ್ಷಕ್ಕೆ 10,000 ಕೋಟಿಯಿಂದ 24,000 ಕೋಟಿ ಡಾಲರ್ ಕಳೆದುಕೊಳ್ಳುತ್ತವೆ ಎಂದು ಬಹುತೇಕ ಶ್ರೀಮಂತ ದೇಶಗಳ ಸಂಘಟನೆಯಾದ ಒಇಸಿಡಿ 2015ರಲ್ಲಿ ಅಂದಾಜಿಸಿತ್ತು. ಆ ಖೋತಾ ತುಂಬಲು ಸರ್ಕಾರ ಸಾಲ ಮಾಡುತ್ತದೆ, ಆಸ್ಪತ್ರೆಯ ಹುದ್ದೆ ಖಾಲಿ ಬಿಡುತ್ತದೆ, ಇಲ್ಲವೇ ಸಾಬೂನು, ಚಪ್ಪಲಿಯ ಮೇಲಿನ ತೆರಿಗೆ ಏರಿಸುತ್ತದೆ. ಗಳಿಸಿದ್ದೆಲ್ಲ ಖರ್ಚಾಗುವ ಮನೆಗೆ ಈ ಕೊನೆಯದೇ ಹೆಚ್ಚು ಭಾರ. ದ್ವೀಪದಲ್ಲಿ ಅಂಗಸಂಸ್ಥೆ ಇಲ್ಲದ ಸಣ್ಣ ಉದ್ಯಮಿ ಪೂರ್ತಿ ಶೇ 25 ಕಟ್ಟಿಯೇ ಆ ಕಂಪನಿಯೊಂದಿಗೆ ಪೈಪೋಟಿ ನಡೆಸಬೇಕು. ಇದು ಅನ್ಯಾಯವೇ.

ವಾರ್ಷಿಕ 75 ಕೋಟಿ ಯೂರೊ ಮೀರಿದ ವಹಿವಾಟಿನ ಗುಂಪುಗಳಿಗೆ ಕನಿಷ್ಠ ಶೇ 15 ತೆರಿಗೆ ಎಂದು 2021ರಲ್ಲಿ 136 ದೇಶಗಳು ಒಪ್ಪಿದವು. ಒಳ್ಳೆಯ ಹೆಜ್ಜೆ, ಆದರೆ ಸಾಲದು. ಆ ಶೇ 15ನ್ನು ದ್ವೀಪವೇ ವಸೂಲಿ ಮಾಡಿಕೊಳ್ಳಬಹುದು. ಬರ್ಮುಡಾ 2025ರಿಂದ ಹಾಗೆ ಮಾಡುತ್ತಿದೆ. ನಮ್ಮ ಲೆಕ್ಕದ 25 ಕೋಟಿಯ ಮೇಲೆ ಅದು 3.75 ಕೋಟಿ. ವ್ಯಾಪಾರ ನಡೆದ ದೇಶಕ್ಕೆ ಆಗಲೂ ಸಿಗುವುದು ಅದೇ 1.25 ಕೋಟಿ.