ಎರಡು ದೇಶದ ಜೆರ್ಸಿ ತೊಟ್ಟ ಕೋಚ್

ಆಟ ನಿಲ್ಲಿಸಿ ಕೋಚ್ ಆಗಬೇಕು ಅಂತ ಬರುವ ರಗ್ಬಿ ಆಟಗಾರರಿಗೆ ನಾನು ಮೊದಲು ಕೊಡುವ ಕೆಲಸ ಒಂದೇ. ಟ್ಯಾಕಲ್ ಮಾಡುವುದು, ಅಂದರೆ ಚೆಂಡು ಹಿಡಿದು ಓಡುವವನನ್ನು ಹಿಡಿದು ಕೆಡವುವುದು ಹೇಗೆ ಅಂತ ಹತ್ತು ಪದ ಮೀರದಂತೆ ಹೇಳಿ ಎನ್ನುತ್ತೇನೆ. ಹದಿನೈದು ವರ್ಷ ಆಡಿದವರೂ ತಡವರಿಸುತ್ತಾರೆ. ಮೈಗೆ ಗೊತ್ತಿರುವುದು ಬಾಯಿಗೆ ಬರುವುದಿಲ್ಲ. ಹೊರದೇಶದ ಕ್ಲಬ್‌ಗಳಲ್ಲಿ ಆಡಿ ಬಂದವರು ಮಾತ್ರ ಸಾಮಾನ್ಯವಾಗಿ ಥಟ್ಟನೆ ಹೇಳಿಬಿಡುತ್ತಾರೆ. ಅರ್ಧಂಬರ್ಧ ಭಾಷೆಯಲ್ಲಿ ವರ್ಷಗಟ್ಟಲೆ ಒದ್ದಾಡಿದವರು ಅವರು, ಅಲ್ವಾ?

ಈ ಮಾತು ಬಂದಾಗೆಲ್ಲ ನನಗೆ ನೆನಪಾಗುವುದು ರಗ್ಬಿ ಕೋಚ್ ಜೇಮಿ ಜೋಸೆಫ್.

ಜೋಸೆಫ್ ಹುಟ್ಟಿದ್ದು 1969ರಲ್ಲಿ, ನ್ಯೂಜಿಲೆಂಡ್‌ನ ಬ್ಲೆನಿಮ್‌ನಲ್ಲಿ. ಒಟಾಗೊ ಪ್ರಾಂತ್ಯದ ಪರ ಆಡಿ ಬೆಳೆದ ಫ್ಲ್ಯಾಂಕರ್. ಎರಡೂ ತಂಡದ ಎಂಟೆಂಟು ಜನ ತಲೆ ತಗ್ಗಿಸಿ ಒಬ್ಬರನ್ನೊಬ್ಬರು ತಳ್ಳುವ ಸ್ಕ್ರಮ್‌ನ ಪಕ್ಕಕ್ಕೆ ಅಂಟಿಕೊಂಡಿದ್ದು, ಚೆಂಡು ಹೊರಬಂದ ತಕ್ಷಣ ಎದುರಾಳಿಯ ಮೇಲೆ ಬೀಳುವ ಕೆಲಸ ಅದು. ಹೆಸರು ಕಡಿಮೆ, ಪೆಟ್ಟು ಜಾಸ್ತಿ. 1992ರಿಂದ 1995ರವರೆಗೆ ಆಲ್ ಬ್ಲ್ಯಾಕ್ಸ್, ಅಂದರೆ ನ್ಯೂಜಿಲೆಂಡ್ ರಾಷ್ಟ್ರೀಯ ತಂಡದ ಪರ 20 ಟೆಸ್ಟ್ (ಅಂತಾರಾಷ್ಟ್ರೀಯ ಪಂದ್ಯ) ಆಡಿದರು. 1995ರ ವಿಶ್ವಕಪ್‌ನಲ್ಲಿ ಬ್ಲೂಮ್‌ಫಾಂಟೇನ್‌ನಲ್ಲಿ ನ್ಯೂಜಿಲೆಂಡ್ ಜಪಾನನ್ನು 145–17ರಿಂದ ಹೊಸಕಿಹಾಕಿತು. ಆಗ ಅವರು ಆ ವಿಶ್ವಕಪ್ ತಂಡದಲ್ಲಿದ್ದರು. ನಾಲ್ಕು ವರ್ಷ ಕಳೆದು ಮುಂದಿನ ವಿಶ್ವಕಪ್ ಬಂದಾಗ ಅವರ ಮೈಮೇಲಿದ್ದದ್ದು ಜಪಾನಿನ ಕೆಂಪು-ಬಿಳಿ ಪಟ್ಟೆಯ ಜೆರ್ಸಿ!

ಅದು ಹೇಗೆ ಸಾಧ್ಯವಾಯಿತು ಅಂತ ಹೊಸಬರು ಕೇಳುತ್ತಾರೆ. 1995ರ ನಂತರ ಅವರು ಫುಕುವೊಕಾದ ಸಾನಿಕ್ಸ್ ತಂಡಕ್ಕೆ ಆಡಲು ಹೋದರು. ಒಬ್ಬ ಆಟಗಾರ ಎರಡು ದೇಶಗಳಿಗೆ ಆಡಲು ಆಗ ಅಡ್ಡಿಯಿರಲಿಲ್ಲ. 2000ದಿಂದ ಆ ಬಾಗಿಲು ಮುಚ್ಚಿತು. 2022ರಲ್ಲಿ ಸ್ವಲ್ಪ ತೆರೆಯಿತು. ಮೂರು ವರ್ಷ ಯಾವ ದೇಶಕ್ಕೂ ಆಡದೆ ಕಾದರೆ, ತಾನೋ ತಂದೆತಾಯಿಯೋ ಅಜ್ಜ-ಅಜ್ಜಿಯೋ ಹುಟ್ಟಿದ ದೇಶಕ್ಕೆ ಹೋಗಬಹುದು. ಕೆಲಸಕ್ಕೆ ಹೋದ ದೇಶಕ್ಕೆ ಅಲ್ಲ. ಈಗಿನ ಕಾಲವಾಗಿದ್ದರೆ ಜೋಸೆಫ್‌ಗೆ ಜಪಾನ್ ಜೆರ್ಸಿ ಸಿಗುತ್ತಲೇ ಇರಲಿಲ್ಲ.

1999ರ ವಿಶ್ವಕಪ್‌ನಲ್ಲಿ ಜಪಾನ್ ಆಡಿದ ಮೂರೂ ಪಂದ್ಯ ಸೋತಿತು. ಕೋಚ್ ಆಗಿ ಅವರಿಗೆ ಸಿಕ್ಕ ದೊಡ್ಡ ಬಂಡವಾಳ ಅದೇ ಅಂತ ನನಗೆ ಅನಿಸುತ್ತದೆ. ಗೆದ್ದೇ ಅಭ್ಯಾಸವಿರುವ ತಂಡದಿಂದ ಬಂದವರು ಸೋಲುವ ತಂಡವನ್ನು ಒಳಗಿನಿಂದ ನೋಡಿದರು. ಚಿಕ್ಕ ಮೈಕಟ್ಟಿನವರು ದೊಡ್ಡವರ ಎದುರು ಎಷ್ಟು ಹೊತ್ತಿಗೆ ಸುಸ್ತಾಗುತ್ತಾರೆ ಅನ್ನುವುದನ್ನು ವಿಡಿಯೋ ನೋಡಿ ಕಲಿಯುವುದು ಬೇರೆ, ಪಕ್ಕದಲ್ಲಿ ನಿಂತು ಏದುಸಿರು ಬಿಡುತ್ತಾ ಕಲಿಯುವುದು ಬೇರೆ.

ವೆಲಿಂಗ್ಟನ್, ಮಾವೊರಿ ಆಲ್ ಬ್ಲ್ಯಾಕ್ಸ್ (ಮಾವೊರಿ ಮೂಲದವರ ತಂಡ) ತಂಡಗಳಿಗೆ ಕೋಚ್ ಆದ ಮೇಲೆ 2011ರಲ್ಲಿ ನ್ಯೂಜಿಲೆಂಡ್‌ನ ಡ್ಯುನೆಡಿನ್‌ ನಗರದ ಹೈಲ್ಯಾಂಡರ್ಸ್ ತಂಡಕ್ಕೆ ಬಂದರು. 2013ರಲ್ಲಿ ಮಾ ನೊನು, ಟೋನಿ ವುಡ್‌ಕಾಕ್, ಬ್ರಾಡ್ ಥಾರ್ನ್ ಅಂಥ ಘಟಾನುಘಟಿಗಳು ತಂಡದಲ್ಲಿದ್ದರು. 16 ಪಂದ್ಯಗಳಲ್ಲಿ ಗೆದ್ದದ್ದು ಮೂರೇ. ಹೆಸರು ನೋಡಿ ತಂಡ ಕಟ್ಟಿದರೆ ಏನಾಗುತ್ತದೆ ಅಂತ ತೋರಿಸಲು ನಾನು ತರಗತಿಯಲ್ಲಿ ಈ ಋತುವನ್ನೇ ತೆಗೆದುಕೊಳ್ಳುತ್ತೇನೆ. ಬೇರೆ ಕೋಚ್ ಆಗಿದ್ದರೆ ಕೆಲಸ ಹೋಗುತ್ತಿತ್ತೇನೋ. ಜೋಸೆಫ್ ಉಳಿದರು. ಅಷ್ಟೇನೂ ಹೆಸರಿಲ್ಲದ, ಬೇರೆ ಕಡೆ ಬೇಡವಾದ ಹುಡುಗರನ್ನು ಇಟ್ಟುಕೊಂಡು ಮತ್ತೆ ಕಟ್ಟಿದರು. ದಕ್ಷಿಣ ಗೋಳಾರ್ಧದ ತಂಡಗಳ ಟೂರ್ನಿಯಾದ ಸೂಪರ್ ರಗ್ಬಿಯ 2015ರ ಫೈನಲ್‌ನಲ್ಲಿ ಹರಿಕೇನ್ಸ್ ತಂಡವನ್ನು ಅವರದೇ ನೆಲವಾದ ವೆಲಿಂಗ್ಟನ್‌ನಲ್ಲಿ 21–14ರಿಂದ ಸೋಲಿಸಿದರು. ಹೈಲ್ಯಾಂಡರ್ಸ್‌ಗೆ ಅದೇ ಮೊದಲ ಪ್ರಶಸ್ತಿ. ಅಷ್ಟೊತ್ತಿಗೆ ಮಾ ನೊನು ಇದ್ದದ್ದು ಎದುರಿನ ತಂಡದಲ್ಲಿ.

2016ರಲ್ಲಿ ಜಪಾನ್ ಕರೆಯಿತು. ಹಿಂದಿನ ಕೋಚ್ ಎಡ್ಡಿ ಜೋನ್ಸ್ 2015ರ ವಿಶ್ವಕಪ್‌ನಲ್ಲಿ ದಕ್ಷಿಣ ಆಫ್ರಿಕವನ್ನು 34–32ರಿಂದ ಸೋಲಿಸಿ ಹೋಗಿದ್ದರು. ಅವರ ಆಟ ಚೆಂಡನ್ನು ಕೈಯಲ್ಲೇ ಇಟ್ಟುಕೊಳ್ಳುವ ಆಟ. ಜೋಸೆಫ್ ಮತ್ತು ಸಹಾಯಕ ಟೋನಿ ಬ್ರೌನ್ ಬಂದು ಚೆಂಡು ಒದೆಯಿರಿ ಎಂದರು. ಬ್ರೌನ್ ಕೂಡ ಜಪಾನಿನ ಕ್ಲಬ್‌ನಲ್ಲಿ ಆಡಿದವರೇ. ಕೈಲಿರುವ ಚೆಂಡನ್ನು ಸುಮ್ನೆ ಕೊಟ್ಟುಬಿಡುವುದು ಹುಚ್ಚುತನದಂತೆ ಕಾಣುತ್ತದೆ. ಆದರೆ ಲೆಕ್ಕ ಸರಿಯಿದೆ. ಎದುರಾಳಿ ಸಾಲಾಗಿ ಗೋಡೆ ಕಟ್ಟಿ ನಿಂತರೆ ದೊಡ್ಡ ಮೈಯವನೇ ಗೆಲ್ಲುತ್ತಾನೆ. ಗೋಡೆಯ ಹಿಂದಕ್ಕೆ ಚೆಂಡು ಬಿದ್ದರೆ ಎಲ್ಲರೂ ತಿರುಗಿ ಓಡಬೇಕು. ಸಾಲು ಚದುರುತ್ತದೆ. ಆ ಗಲಿಬಿಲಿಯಲ್ಲಿ ತೂಕಕ್ಕಿಂತ ಕಾಲಿನ ವೇಗ, ಉಸಿರಿನ ತಾಕತ್ತು ಕೆಲಸಕ್ಕೆ ಬರುತ್ತದೆ. ಸ್ಕ್ರಮ್ ಹೊಣೆಯನ್ನು ಸಹಾಯಕ ಕೋಚ್ ಶಿನ್ ಹಾಸೆಗಾವಾಗೆ ಬಿಟ್ಟರು. ಎಂಟೂ ಜನ ಒಂದೇ ಮೈಯಂತೆ ತಗ್ಗಿ ತಳ್ಳುವ ಸ್ಕ್ರಮ್ ಅವರದು.

2019ರ ವಿಶ್ವಕಪ್ ಜಪಾನಿನಲ್ಲೇ ನಡೆಯಿತು. ತಂಡದಲ್ಲಿ ಸುಮಾರು ಅರ್ಧದಷ್ಟು ಜನ ಹೊರಗೆ ಹುಟ್ಟಿದವರು. ನಾಯಕ ಮೈಕೆಲ್ ಲೀಚ್ ಹದಿನೈದನೇ ವಯಸ್ಸಿಗೆ ನ್ಯೂಜಿಲೆಂಡ್‌ನಿಂದ ಶಾಲೆಗೆ ಅಂತ ಬಂದವರು. ಇಂಥ ತಂಡದಲ್ಲಿ ಕೋಚ್ ಆಡುವ ಮಾತು ದುಭಾಷಿಯ ಬಾಯಿ ದಾಟಿ ಹೋಗಬೇಕು. ವಿರಾಮದಲ್ಲಿ ಸಿಗುವ ಸಮಯ ಅರ್ಧಕ್ಕೆ ಇಳಿಯುತ್ತದೆ. ಉದ್ದ ವಾಕ್ಯ ದಾರಿಯಲ್ಲೇ ಸಾಯುತ್ತದೆ. ನನ್ನ ಹತ್ತು ಪದದ ಹಠ ಇದಕ್ಕೇ.

ರಷ್ಯಾ, ಐರ್ಲೆಂಡ್ (19–12), ಸಮೋವಾ, ಸ್ಕಾಟ್ಲೆಂಡ್ (28–21) ನಾಲ್ಕನ್ನೂ ಸೋಲಿಸಿ ಜಪಾನ್ ಕ್ವಾರ್ಟರ್ ಫೈನಲ್ ತಲುಪಿತು. ಏಷ್ಯಾದ ಯಾವ ತಂಡವೂ ಅಲ್ಲಿಯವರೆಗೆ ಹೋಗಿರಲಿಲ್ಲ. ಸ್ಕಾಟ್ಲೆಂಡ್ ವಿರುದ್ಧದ ಒಂದು ಟ್ರೈ (ಎದುರಾಳಿಯ ಗೆರೆಯಾಚೆ ಚೆಂಡು ಊರಿ ಅಂಕ ಗಳಿಸುವುದು) ಎಷ್ಟು ಸಲ ನೋಡಿದರೂ ಸಾಕೆನಿಸುವುದಿಲ್ಲ. ಟ್ಯಾಕಲ್ ಆಗಿ ಬೀಳುತ್ತಿರುವವನ ಕೈಯಿಂದ ಇನ್ನೊಬ್ಬನಿಗೆ, ಅವನು ಬೀಳುವಾಗ ಮತ್ತೊಬ್ಬನಿಗೆ ಚೆಂಡು ದಾಟುತ್ತಾ ಹೋಗುತ್ತದೆ. ಕೊನೆಗೆ ಗೆರೆಯಾಚೆ ಊರಿದ್ದು ಪ್ರಾಪ್ ಕೇತಾ ಇನಗಾಕಿ. ಸ್ಕ್ರಮ್‌ನಲ್ಲಿ ಕತ್ತು ಕೊಟ್ಟು ತಳ್ಳುವ ಆಸಾಮಿ! ಅಂತಾರಾಷ್ಟ್ರೀಯ ಆಟದಲ್ಲಿ ಅವರ ಮೊದಲ ಟ್ರೈ ಅದು.

2023ರಲ್ಲಿ ಗುಂಪು ಹಂತವನ್ನೂ ದಾಟಲಾಗಲಿಲ್ಲ. ಇಂಗ್ಲೆಂಡ್, ಅರ್ಜೆಂಟೀನಾ ಎರಡಕ್ಕೂ ಸೋತರು. ಜೋಸೆಫ್ ಜಪಾನ್ ಬಿಟ್ಟರು. 2025ರ ಋತುವಿಗೆ ಮತ್ತೆ ಹೈಲ್ಯಾಂಡರ್ಸ್ ಕೋಚ್ ಆಗಿ ನಿಂತರು, ತಂಡ ಪಟ್ಟಿಯ ತಳದಲ್ಲಿ ಮುಗಿಸಿತು. ಆ ಜಾಗ ಅವರಿಗೆ ಹೊಸದಲ್ಲ.