ಈ ರಜೆಯಲ್ಲಿ ಅವರ ಕೆಲಸ ಅವರೇ ಮಾಡಲಿ

ಪ್ರವೇಶದ ದಿನಗಳಲ್ಲಿ ನಮ್ಮ ಕಾಲೇಜಿನ ಕೌಂಟರಿನಲ್ಲಿ ಕೂರುವುದು ನನ್ನ ಕೆಲಸ. ಮೇಜಿನ ಮುಂದೆ ಅಪ್ಪ ನಿಂತಿರುತ್ತಾರೆ, ಅವರ ಬೆನ್ನ ಹಿಂದೆ ಮಗಳು. "ಏನಮ್ಮ ನಿನ್ನ ಹೆಸರು?" ಅಂತ ಅವಳನ್ನು ಕೇಳುತ್ತೇನೆ. ಅಪ್ಪ ಹೇಳುತ್ತಾರೆ. "ಪಿಯುಸಿಯಲ್ಲಿ ಏನು ತಗೊಂಡಿದ್ದೆ?" ಅದಕ್ಕೂ ಅಪ್ಪನೇ. ಫೈಲು ಅಪ್ಪನ ಕೈಯಲ್ಲಿ. ಓಟಿಪಿ ಅಪ್ಪನ ಮೊಬೈಲಿಗೆ. ಸಹಿ ಮಾಡು ಅಂದರೆ ಮಾತ್ರ ಹುಡುಗಿ ಮುಂದೆ ಬರುತ್ತಾಳೆ, ಎಲ್ಲಿ ಅಂತ ಅಪ್ಪನ ಮುಖ ನೋಡುತ್ತಾಳೆ.

ಎರಡೇ ತಿಂಗಳಿಗೆ ಅದೇ ಹುಡುಗಿ ನನ್ನ ಕೋಣೆಯ ಬಾಗಿಲಲ್ಲಿ ಒಬ್ಬಳೇ ನಿಂತಿರುತ್ತಾಳೆ. ಸ್ಕಾಲರ್‌ಶಿಪ್ ಅರ್ಜಿ ವಾಪಸ್ ಬಂದಿರುತ್ತದೆ. ಯಾಕೆ ಅಂತ ಗೊತ್ತಿರುವುದಿಲ್ಲ. ಯಾರನ್ನು ಕೇಳಬೇಕು ಅಂತಲೂ ಗೊತ್ತಿರುವುದಿಲ್ಲ. ಬುದ್ಧಿ ಕಡಿಮೆ ಅಂತ ಅಲ್ಲ, 90 ಪರ್ಸೆಂಟ್ ತೆಗೆದ ಮಗು ಅದು. ತನ್ನ ಕೆಲಸಕ್ಕೆ ತಾನೇ ಓಡಾಡುವ ಅವಕಾಶ ಅವಳಿಗೆ ಅಲ್ಲಿಯವರೆಗೂ ಸಿಕ್ಕಿಲ್ಲ, ಅಷ್ಟೆ.

22 ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಅದರಲ್ಲಿ 6 ವರ್ಷ ಹಾಸ್ಟೆಲ್ ವಾರ್ಡನ್ ಕೂಡ ಆಗಿದ್ದೆ. ಪಿಯುಸಿ ಪರೀಕ್ಷೆ ಮುಗಿದು ಕಾಲೇಜು ಶುರುವಾಗುವವರೆಗಿನ ಈ ಉದ್ದದ ರಜೆ ಹೇಗೆ ಕಳೆಯಬೇಕು ಅಂತ ಪೋಷಕರು ಕೇಳುತ್ತಿರುತ್ತಾರೆ. ಯಾವ ಕೋರ್ಸಿಗೆ ಸೇರಿಸಲಿ, ಸ್ಪೋಕನ್ ಇಂಗ್ಲಿಷಾ, ಕಂಪ್ಯೂಟರಾ ಅನ್ನುತ್ತಾರೆ. ಕಾಲೇಜಿಗೆ ಸೇರುವ ಓಡಾಟ ಇದೆಯಲ್ಲ, ಅದನ್ನೇ ಮಗನ ಕೈಗೆ ಕೊಡಿ, ಮಗಳ ಕೈಗೆ ಕೊಡಿ. ಅದಕ್ಕಿಂತ ಒಳ್ಳೆಯ ಕೋರ್ಸು ನನಗೆ ಗೊತ್ತಿಲ್ಲ. ನೀವು ಜೊತೆಗೆ ಹೋಗಿ. ಪಕ್ಕದಲ್ಲಿ ನಿಲ್ಲಿ. ಮಾತು ಅವರೇ ಆಡಲಿ.

ಮೊದಲು ಒಂದು ವಾರ ಮಲಗಲು ಬಿಡಿ. ಎರಡು ವರ್ಷ ಬೆಳಿಗ್ಗೆ ಕಾಲೇಜು, ಸಂಜೆ ಟ್ಯೂಷನ್ ಅಂತ ಓಡಿದ ಮಕ್ಕಳು ಅವರು. ಮದುವೆ ಮನೆಗಳಲ್ಲಿ ನೆಂಟರು "ಎಷ್ಟು ಪರ್ಸೆಂಟು?" ಅಂತ ಕೇಳೇ ಕೇಳುತ್ತಾರೆ, ಆಗ ಮಗುವಿನ ಪರ ನಿಲ್ಲಿ. ಅಂಕ ಕಡಿಮೆ ಬಂದಿದ್ದರೆ, ಒಂದು ವಿಷಯ ಉಳಿದಿದ್ದರೆ, ದಾರಿ ಮುಚ್ಚಿಲ್ಲ. 2024ರಿಂದ ನಮ್ಮಲ್ಲಿ ದ್ವಿತೀಯ ಪಿಯುಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಯುತ್ತಿವೆ. ಮನೆಯಲ್ಲಿ ಮೌನ ವ್ರತ ಹಿಡಿಯುವ ಬದಲು ಮುಂದಿನ ಪರೀಕ್ಷೆಗೆ ಹೆಸರು ನೋಂದಾಯಿಸಿ.

ಆಮೇಲೆ ಕಾಗದಪತ್ರ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ಮೊದಲ ಸೆಮಿಸ್ಟರಿನ ಅರ್ಧ ಕಣ್ಣೀರು ಇಲ್ಲಿಂದಲೇ ಬರುತ್ತದೆ.

ಊಟದ ಮೇಜಿನ ಮೇಲೋ ಚಾಪೆಯ ಮೇಲೋ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ ಎಲ್ಲವನ್ನೂ ಪಕ್ಕಪಕ್ಕ ಹರಡಲು ಮಗನಿಗೆ ಹೇಳಿ. ಹೆಸರನ್ನು ಅಕ್ಷರ ಅಕ್ಷರ ಓದಲಿ. ಒಂದರಲ್ಲಿ 'ಮಂಜುನಾಥ ಎಚ್' ಅಂತ ಇರುತ್ತದೆ, ಇನ್ನೊಂದರಲ್ಲಿ 'ಮಂಜುನಾಥ್ ಹನುಮಂತಪ್ಪ'. ನಮಗೆ ಇಬ್ಬರೂ ಒಬ್ಬನೇ. ಕಂಪ್ಯೂಟರಿಗೆ ಬೇರೆ ಬೇರೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನೇ ಮೂಲ ಅಂತ ಇಟ್ಟುಕೊಂಡು ಉಳಿದದ್ದನ್ನು ಅದಕ್ಕೆ ಹೊಂದಿಸುವುದು ಸುಲಭದ ದಾರಿ. ಅಂಕಪಟ್ಟಿಯಲ್ಲೇ ತಪ್ಪಿದ್ದರೆ ಓದಿದ ಹೈಸ್ಕೂಲಿನ ಮೂಲಕ ಮಂಡಳಿಗೆ ಹೋಗಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ಆಧಾರ್‌ನಲ್ಲಿ ಇನ್ನೊಂದು ವಿಷಯ ಇದೆ. 15 ವರ್ಷ ತುಂಬಿದ ಮೇಲೆ ಬೆರಳಚ್ಚು, ಕಣ್ಣಿನ ಗುರುತು ಹೊಸದಾಗಿ ಕೊಡಬೇಕು. ಬಹಳ ಮಕ್ಕಳು ಕೊಟ್ಟಿರುವುದಿಲ್ಲ. ಬೆರಳು ಇಡುವ ಹೊತ್ತು ಬಂದಾಗ ಯಂತ್ರ ಒಪ್ಪುವುದಿಲ್ಲ.

ಜಾತಿ ಮತ್ತು ಆದಾಯ ಪ್ರಮಾಣಪತ್ರ ನಾಡಕಚೇರಿಯಿಂದ ಬರಬೇಕು. ಆದಾಯದ ಪತ್ರಕ್ಕೆ 5 ವರ್ಷದ ಅವಧಿ. ಎಂಟನೇ ಕ್ಲಾಸಿನಲ್ಲಿ ಮಾಡಿಸಿದ್ದನ್ನು ಜೋಪಾನವಾಗಿ ಲ್ಯಾಮಿನೇಷನ್ ಮಾಡಿಸಿ ಇಟ್ಟಿರುತ್ತೀರಿ, ದಿನಾಂಕ ನೋಡಿರುವುದಿಲ್ಲ. ಈಗಲೇ ನೋಡಿ. ಅದರ ಮೇಲಿನ ಆರ್‌ಡಿ ಸಂಖ್ಯೆ ಮಗುವಿಗೆ ಗೊತ್ತಿರಲಿ, ಪ್ರತಿ ಅರ್ಜಿಯಲ್ಲೂ ಕೇಳುತ್ತಾರೆ. ಜೂನ್ ತಿಂಗಳಲ್ಲಿ ಇಡೀ ಹೋಬಳಿಯೇ ನಾಡಕಚೇರಿಯ ಮುಂದೆ ಇರುತ್ತದೆ. ಸರ್ವರ್ ಇಲ್ಲ, ಗ್ರಾಮ ಆಡಳಿತಾಧಿಕಾರಿ ಫೀಲ್ಡಿಗೆ ಹೋಗಿದ್ದಾರೆ ಅನ್ನುವ ಮಾತು ಕೇಳುತ್ತಾ ನಿಲ್ಲಬೇಕು.

ಎಂಜಿನಿಯರಿಂಗ್‌ನಂಥ ವೃತ್ತಿ ಕೋರ್ಸುಗಳ ಪ್ರವೇಶ ಪರೀಕ್ಷೆ ಸಿಇಟಿ ಬರೆದವರು ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಪತ್ರಗಳನ್ನು ಮರೆಯಬಾರದು. 1ರಿಂದ 10ನೇ ತರಗತಿಯವರೆಗೆ ಪೂರ್ತಿ 10 ವರ್ಷ ಹಳ್ಳಿಯ ಶಾಲೆಯಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲಾತಿ ಇದೆ. ಕಲ್ಯಾಣ ಕರ್ನಾಟಕದವರಿಗೆ ಆ ಭಾಗದ ಮೀಸಲಾತಿಗೆ 371ಜೆ ಅರ್ಹತಾ ಪತ್ರ ಬೇಕು. ಮೂರು ಶಾಲೆಯಲ್ಲಿ ಓದಿದ್ದರೆ ಮೂರೂ ಕಡೆಯ ವ್ಯಾಸಂಗ ಪತ್ರ ಬೇಕು. ಬೇಸಿಗೆ ರಜೆಯಲ್ಲಿ ಶಾಲೆಗೆ ಬೀಗ ಹಾಕಿರುತ್ತಾರೆ, ಅಲ್ವಾ? ಹೆಡ್‌ಮಾಸ್ಟರ್ ಯಾವ ದಿನ ಸಿಗುತ್ತಾರೆ ಅಂತ ಫೋನ್ ಮಾಡಿ ಕೇಳುವ ಕೆಲಸವನ್ನು ಮಗಳಿಗೇ ಬಿಡಿ. "ಸರ್, ನಾನು ನಿಮ್ಮ ಹಳೆಯ ವಿದ್ಯಾರ್ಥಿ" ಅಂತ ಮಾತು ಶುರು ಮಾಡಲು ಅವಳು ಹತ್ತು ನಿಮಿಷ ಹಿಂದೆ ಮುಂದೆ ನೋಡುತ್ತಾಳೆ. ನೋಡಲಿ. ಸೆಪ್ಟೆಂಬರಿನಲ್ಲಿ ಪ್ರಿನ್ಸಿಪಾಲರ ಕೋಣೆಗೆ ಹೋಗುವ ಧೈರ್ಯ ಈ ಫೋನಿನಿಂದಲೇ ಬರುತ್ತದೆ.

ಸ್ಕಾಲರ್‌ಶಿಪ್ ದುಡ್ಡಿನ ವಿಷಯದಲ್ಲಿ ಒಂದು ಗೊಂದಲ ಎಲ್ಲರಿಗೂ ಇದೆ. ಖಾತೆಗೆ ಆಧಾರ್ ಕೊಟ್ಟಿದ್ದೇವೆ, ಆದರೂ ಹಣ ಬಂದಿಲ್ಲ ಅನ್ನುತ್ತಾರೆ. ಬ್ಯಾಂಕಿಗೆ ಆಧಾರ್ ನಕಲು ಕೊಡುವುದು ಬೇರೆ, ಎನ್‌ಪಿಸಿಐ ಮ್ಯಾಪಿಂಗ್, ಅಂದರೆ ಸರ್ಕಾರದ ಹಣ ಬರಲು ಆಧಾರ್ ನಂಬರಿಗೆ ಒಂದು ಖಾತೆಯನ್ನು ಜೋಡಿಸುವುದು, ಬೇರೆ. ಸರ್ಕಾರದ ಹಣ ಆಧಾರ್ ನಂಬರನ್ನು ಹಿಡಿದುಕೊಂಡು ಬರುತ್ತದೆ. ಆ ನಂಬರಿಗೆ ಮ್ಯಾಪ್ ಆಗಿರುವುದು ಒಂದೇ ಖಾತೆ, ಹಣ ಅಲ್ಲಿಗೇ ಹೋಗುತ್ತದೆ. ಎರಡು ವರ್ಷ ಮುಟ್ಟದೆ ಬಿಟ್ಟ ಖಾತೆ ನಿಷ್ಕ್ರಿಯವೂ ಆಗಿರುತ್ತದೆ. ಹಾಗಾಗಿ ಮಗ ಒಮ್ಮೆ ಬ್ಯಾಂಕಿಗೆ ಹೋಗಿ, "ನನ್ನ ಖಾತೆಗೆ ಎನ್‌ಪಿಸಿಐ ಮ್ಯಾಪಿಂಗ್ ಆಗಿದೆಯಾ?" ಅಂತ ಇದೇ ಮಾತಿನಲ್ಲಿ ಕೇಳಲಿ. ಎಸ್‌ಎಸ್‌ಪಿ (ರಾಜ್ಯದ ಸ್ಕಾಲರ್‌ಶಿಪ್) ಪೋರ್ಟಲಿನ ಐಡಿ, ಪಾಸ್‌ವರ್ಡ್ ಅವನ ನೋಟ್‌ಬುಕ್ಕಿನಲ್ಲಿ ಇರಲಿ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಸರ್ಕಾರದ ವಿದ್ಯಾಸಿರಿ ಯೋಜನೆಯಲ್ಲಿ 10 ತಿಂಗಳಿಗೆ ಊಟ, ವಸತಿಯ ಹಣ ಸಿಗುತ್ತದೆ. ಆದರೆ ಅದು ತಿಂಗಳ ಸಂಬಳದ ಹಾಗೆ ಬರುವುದಿಲ್ಲ, ತಡವಾಗುತ್ತದೆ. ಅದನ್ನೇ ನಂಬಿ ಪಿಜಿ ಬಾಡಿಗೆಯ ಲೆಕ್ಕ ಹಾಕಬೇಡಿ.

ಸೈಬರ್ ಸೆಂಟರ್ ಬಗ್ಗೆ ಒಂದು ಮಾತು. ನಮ್ಮ ಹಳ್ಳಿ ಮಕ್ಕಳಿಗೆ ಅವರು ಮಾಡುವ ಉಪಕಾರ ದೊಡ್ಡದು, ಅದನ್ನು ನಾನು ಮರೆಯುವುದಿಲ್ಲ. ಆದರೆ ಅರ್ಜಿಗೆ ಅವರ ಮೊಬೈಲ್ ನಂಬರ್ ಹಾಕಲು ಬಿಡಬೇಡಿ. ಆಯ್ಕೆ ಒತ್ತುವುದನ್ನೂ ಅವರಿಗೆ ಬಿಡಬೇಡಿ. ಸಿಇಟಿ ನಡೆಸುವ ಪರೀಕ್ಷಾ ಪ್ರಾಧಿಕಾರ ಕೆಇಎ ಸೀಟು ಹಂಚಿದ ಮೇಲೆ ನಾಲ್ಕು ಆಯ್ಕೆ ಕೊಡುತ್ತದೆ. ಒಂದನೆಯದು, ಈ ಸೀಟು ಸಾಕು, ಸೇರುತ್ತೇನೆ. ಎರಡನೆಯದು, ಇದು ಕೈಯಲ್ಲಿರಲಿ, ಪಟ್ಟಿಯಲ್ಲಿ ಇದಕ್ಕಿಂತ ಮೇಲಿನದು ಸಿಕ್ಕರೆ ಅದು ಬೇಕು. ಮೂರನೆಯದು, ಇದು ಬೇಡ, ಮುಂದಿನ ಸುತ್ತಿಗೆ ಬರುತ್ತೇನೆ. ನಾಲ್ಕನೆಯದು, ನನಗೆ ಏನೂ ಬೇಡ. ಕೆಲವು ವರ್ಷದ ಹಿಂದೆ ನಮ್ಮಲ್ಲಿಗೆ ಬಂದ ಒಬ್ಬ ಹುಡುಗನಿಗೆ ಎರಡನೆಯದು ಬೇಕಿತ್ತು. ಸೆಂಟರಿನಲ್ಲಿ ಕೂತವರು "ಸೀಟು ಸಿಕ್ಕಿದೆಯಲ್ಲ" ಅಂತ ಒಂದನೆಯದನ್ನು ಒತ್ತಿದ್ದರು. ಅವನ ರ್‍ಯಾಂಕಿಗೆ ಮುಂದಿನ ಸುತ್ತಿನಲ್ಲಿ ಊರಿಗೆ ಹತ್ತಿರದ ಕಾಲೇಜು ಸಿಗುತ್ತಿತ್ತು. ನಾಲ್ಕು ವರ್ಷ ಅವನು 300 ಕಿಲೋಮೀಟರ್ ದೂರದಲ್ಲಿ ಓದಿದ. ಆಯ್ಕೆಗಳ ಪಟ್ಟಿಯನ್ನು ಮನೆಯಲ್ಲೇ ಬಿಳಿ ಹಾಳೆಯ ಮೇಲೆ ಬರೆದು, ಮೇಲೆ ಕೆಳಗೆ ಮಾಡಿ, ಎರಡು ರಾತ್ರಿ ಯೋಚಿಸಿ. ನಿಜವಾಗಿ ಬೇಕಾದದ್ದು ಮೊದಲು. ಸಿಗುತ್ತದೋ ಇಲ್ಲವೋ ಅನ್ನುವ ಭಯಕ್ಕೆ ಕೆಳಗಿನದನ್ನು ಮೇಲೆ ತರಬೇಡಿ. ಪಟ್ಟಿಯಲ್ಲಿ ಮೇಲಿನದು ಸಿಕ್ಕರೆ ಕೆಳಗಿನದನ್ನು ಗಣಕ ನೋಡುವುದೇ ಇಲ್ಲ. ನಿಜವಾದ ಹಂಚಿಕೆಗೆ ಮೊದಲು ಅಣಕು ಹಂಚಿಕೆ ಇರುವುದೂ ನೋಡಿ ಸರಿಪಡಿಸಿಕೊಳ್ಳಲಿ ಅಂತಲೇ.

ಬಿಎ, ಬಿಕಾಂ, ಬಿಎಸ್ಸಿಗೆ ಹೋಗುವವರ ಪ್ರವೇಶ ರಾಜ್ಯದ ವಿಶ್ವವಿದ್ಯಾಲಯಗಳ ಯುಯುಸಿಎಂಎಸ್ ಅನ್ನುವ ಆನ್‌ಲೈನ್ ಪೋರ್ಟಲಿನಲ್ಲಿ. 2024-25ರಿಂದ ನಮ್ಮ ರಾಜ್ಯದಲ್ಲಿ ಪದವಿ ಮತ್ತೆ 3 ವರ್ಷದ್ದು. ನಾಲ್ಕು ವರ್ಷ ಅಂತ ಹೆದರಿ ಹಿಂದೆ ಸರಿದ ಪೋಷಕರನ್ನು ಈಗಲೂ ನೋಡುತ್ತೇನೆ, ಅದಕ್ಕೇ ಹೇಳಿದೆ.

ಇನ್ನು ಓದಿನ ತಯಾರಿ. ಪುಸ್ತಕ ತಂದು ಮೊದಲ ಸೆಮಿಸ್ಟರಿನ ಪಾಠ ಈಗಲೇ ಓದಬೇಕಾಗಿಲ್ಲ. ಕನ್ನಡ ಮಾಧ್ಯಮದಿಂದ ಬಂದವರಿಗೆ ಕಷ್ಟ ಆಗುವುದು ವಿಷಯ ಅಲ್ಲ, ಮಾತಿನ ವೇಗ. ಪಿಯುಸಿವರೆಗೂ ನೋಟ್ಸ್ ಹೇಳಿ ಬರೆಸುತ್ತಾರೆ. ಇಲ್ಲಿ ಮೇಷ್ಟ್ರು ಇಂಗ್ಲಿಷಿನಲ್ಲಿ ಹೇಳುತ್ತಾ ಹೋಗುತ್ತಾರೆ, ಏನು ಬರೆದುಕೊಳ್ಳಬೇಕು ಅಂತ ಹುಡುಗನೇ ಆರಿಸಬೇಕು. ನಾನೂ ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿದವನು. ಮೊದಲ ಎರಡು ತಿಂಗಳು ಕಿವಿಗೆ ಬಿದ್ದ ಇಂಗ್ಲಿಷ್ ಪದವನ್ನು ಕನ್ನಡ ಅಕ್ಷರದಲ್ಲೇ ಬರೆದುಕೊಳ್ಳುತ್ತಿದ್ದೆ. ರಾತ್ರಿ ನಿಘಂಟು ತೆಗೆದು ಹುಡುಕುತ್ತಿದ್ದೆ. ಈಗಿನ ಮಕ್ಕಳಿಗೂ ಅದನ್ನೇ ಹೇಳಿಕೊಡುತ್ತೇನೆ. ಆನ್‌ಲೈನ್ ಪಾಠದ ತಾಣಗಳಾದ ಸ್ವಯಂ, ಎನ್‌ಪಿಟಿಇಎಲ್‌ನಲ್ಲಿ ಒಳ್ಳೊಳ್ಳೆ ಉಪನ್ಯಾಸಗಳು ಉಚಿತವಾಗಿ ಸಿಗುತ್ತವೆ. ತಮ್ಮ ವಿಷಯದ ಒಂದನ್ನು ದಿನಕ್ಕೆ 20 ನಿಮಿಷ ನಿಲ್ಲಿಸದೆ ಕೇಳಲಿ, ಪೆನ್ನು ಹಿಡಿದು ಬರೆಯಲಿ. ಮೊದಲ ದಿನ ನಾಲ್ಕು ಸಾಲು ಬರುತ್ತದೆ. ತಿಂಗಳಿಗೆ ಪುಟ ತುಂಬುತ್ತದೆ.

ಕಣ್ಣು ಪರೀಕ್ಷೆ ಮಾಡಿಸಿ. ಹಿಂದಿನ ಬೆಂಚಿನಲ್ಲಿ ಕೂತು "ಅರ್ಥ ಆಗಲ್ಲ ಸರ್" ಅನ್ನುವವರಲ್ಲಿ ಬೋರ್ಡೇ ಕಾಣದವರು ಇರುತ್ತಾರೆ.

ಮನೆಗೆಲಸದ ವಿಷಯ ಹುಡುಗರಿಗೆ ಬಿಡಿಸಿ ಹೇಳಬೇಕು. ವಾರ್ಡನ್ ಆಗಿದ್ದಾಗ ಮೂರು ವಾರ ಬಟ್ಟೆ ಒಗೆಯದೆ ಮಂಚದ ಕೆಳಗೆ ತುರುಕಿದವರನ್ನು ನೋಡಿದ್ದೇನೆ. ಆಮೇಲೆ ಮೈಯೆಲ್ಲಾ ತುರಿಕೆ. ಈ ರಜೆಯಲ್ಲಿ ತನ್ನ ಬಟ್ಟೆ ತಾನೇ ಒಗೆಯಲಿ. ಅನ್ನ, ಒಂದು ಸಾರು, ಅವಲಕ್ಕಿ ಒಗ್ಗರಣೆ ಕಲಿಯಲಿ. ಗುಂಡಿ ಹೊಲಿಯಲಿ. ಹೆಣ್ಣುಮಕ್ಕಳಿಗೆ ಇವೆಲ್ಲ ಹೇಗೂ ಮಾಡಿಸಿರುತ್ತೀರಿ. ಅವರನ್ನು ಒಬ್ಬರೇ ಜಿಲ್ಲಾ ಕೇಂದ್ರಕ್ಕೆ ಹೋಗಿ ಬರಲು ಬಿಡಿ. 2023ರ ಜೂನ್‌ನಿಂದ ಸಾಮಾನ್ಯ ಬಸ್ಸಿನಲ್ಲಿ ಅವರಿಗೆ ಟಿಕೆಟ್ ಹಣವೂ ಬೇಡ. ಸೇರಬೇಕಾದ ಕಾಲೇಜಿನ ತನಕ ಹೋಗಿ, ಬಸ್ ನಿಲ್ದಾಣದಿಂದ ಎಷ್ಟು ದೂರ, ರಾತ್ರಿ ಕೊನೆಯ ಬಸ್ ಎಷ್ಟಕ್ಕೆ, ಪಿಜಿಯ ಬಾತ್‌ರೂಮಿನ ಚಿಲಕ ಸರಿ ಇದೆಯಾ ಅಂತ ತಾವೇ ನೋಡಿ ಬರಲಿ. ಅಡ್ವಾನ್ಸ್ ಕೊಟ್ಟರೆ ರಸೀದಿ ಕೇಳಿ ತರಲಿ.

ದುಡ್ಡಿನ ಅಭ್ಯಾಸಕ್ಕೆ ಒಂದು ತಿಂಗಳು ಮನೆಯ ತರಕಾರಿ, ಹಾಲು, ಕರೆಂಟ್ ಬಿಲ್ಲಿನ ಹಣ ಅವರ ಕೈಗೆ ಕೊಡಿ. ಫೋನ್‌ಪೇ ಮಾಡಿದ್ದೂ ನೋಟ್‌ಬುಕ್ಕಿನಲ್ಲಿ ಬರೆಯಲಿ. ನೋಟು ಎಣಿಸಿ ಕೊಡುವಾಗ ಕೈ ತಡೆಯುತ್ತದೆ, ಫೋನಿನಲ್ಲಿ ತಡೆಯುವುದಿಲ್ಲ. ಇನ್ನೊಂದು ವಿಷಯವನ್ನು ಕೂರಿಸಿಕೊಂಡು ಹೇಳಿ. ಕಾಲೇಜು ಮಕ್ಕಳ ಹತ್ತಿರ ಬಂದು "ನಿನ್ನ ಬ್ಯಾಂಕ್ ಖಾತೆ, ಎಟಿಎಂ ಕಾರ್ಡು ಸ್ವಲ್ಪ ದಿನ ಕೊಡು, ಕಮಿಷನ್ ಕೊಡ್ತೀವಿ" ಅನ್ನುವವರಿದ್ದಾರೆ. ಯಾರನ್ನೋ ವಂಚಿಸಿದ ಹಣ ಆ ಖಾತೆಯಲ್ಲಿ ಓಡಾಡುತ್ತದೆ. ಪೊಲೀಸರು ಮೊದಲು ಬರುವುದು ಖಾತೆ ಯಾರ ಹೆಸರಿನಲ್ಲಿದೆಯೋ ಅವರ ಮನೆಗೆ. ಸಾಲದ ಆ್ಯಪ್, ಬೆಟ್ಟಿಂಗ್ ಆ್ಯಪ್ ಕೂಡ ಇದೇ ಮಾತಿನ ಜೊತೆಗೆ ಬರಲಿ.

ಕೊನೆಗೆ, ಮನೆಯಲ್ಲಿ ಈಗಲೇ ಒಂದು ಒಪ್ಪಂದ ಮಾಡಿಕೊಳ್ಳಿ. ದೂರ ಹೋದ ಮಕ್ಕಳು ಎಷ್ಟೋ ಜನ ಮೊದಲ ಸಲ ಊರಿಗೆ ಬರುವುದು ಗೌರಿ ಗಣೇಶ ಹಬ್ಬಕ್ಕೆ. ಹಬ್ಬ ಮುಗಿದ ಮೇಲೆ "ನಾನು ವಾಪಸ್ ಹೋಗಲ್ಲ" ಅನ್ನುವವರು ಪ್ರತಿ ವರ್ಷ ಇರುತ್ತಾರೆ. ಆಗ ಬೈಯುವುದೂ ಬೇಡ, ಮರುದಿನವೇ ಟಿಸಿ ತರಲು ಓಡುವುದೂ ಬೇಡ. ಹೊಸ ಊರು, ಹೊಸ ಊಟ, ರಾತ್ರಿ ಮನೆಯ ನೆನಪು, ಇವಕ್ಕೆ ಸ್ವಲ್ಪ ಸಮಯ ಬೇಕು. ಮೊದಲ ಇಂಟರ್ನಲ್ ಟೆಸ್ಟ್ ಮುಗಿಯುವ ತನಕ ನೋಡೋಣ, ಆಮೇಲೂ ಬೇಡ ಅನಿಸಿದರೆ ಕೂತು ಮಾತಾಡೋಣ ಅಂತ ಈಗಲೇ ಹೇಳಿಟ್ಟರೆ ಮಗುವಿಗೆ ಒಂದು ಗಡುವು ಕಾಣುತ್ತದೆ. ಗಡುವು ಕಂಡರೆ ತಡೆದುಕೊಳ್ಳುವುದು ಸುಲಭ. ರಾತ್ರಿ ಮನಸ್ಸು ತೀರಾ ಕುಗ್ಗಿದಾಗ 14416ಕ್ಕೆ ಫೋನ್ ಮಾಡಬಹುದು, ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು.

ಆದರೆ ಸೀನಿಯರ್‌ಗಳು ಹೊಡೆದರು, ಅವಮಾನ ಮಾಡಿದರು, ಹಣ ಕಿತ್ತುಕೊಂಡರು ಅಂತ ಮಗು ಹೇಳಿದರೆ ಯಾವ ಟೆಸ್ಟಿಗೂ ಕಾಯಬೇಡಿ. ರ್‍ಯಾಗಿಂಗ್ ತಡೆ ಸಹಾಯವಾಣಿ 1800-180-5522ಕ್ಕೆ ದೂರು ಕೊಡಿ. ಅವತ್ತೇ ಬಸ್ ಹತ್ತಿ ಕಾಲೇಜಿಗೆ ಬನ್ನಿ. ಆ ದಿನ ಮಾತ್ರ ಮಗುವಿನ ಮುಂದೆ ನೀವೇ ನಿಲ್ಲಿ, ಮಾತು ನೀವೇ ಆಡಿ.