ಯೀಸ್ಟ್ ಎಣಿಕೆ: ವರ್ಗಮೂಲ ಯಾವಾಗ ತೆಗೆಯಬೇಕು?

ನಿನ್ನೆಯೆಲ್ಲ ನನ್ನನ್ನು ಕಾಡಿದ ಲೆಕ್ಕ ಇದು. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ.

ನ್ಯೂಬಾವರ್ ಚೇಂಬರ್, ಅಂದರೆ ಮೈಕ್ರೋಸ್ಕೋಪಿನಡಿ ಕೋಶ ಎಣಿಸಲು ಚೌಕಗಳ ಗೆರೆ ಹಾಕಿದ ಗಾಜಿನ ಪಟ್ಟಿ, ನೋಡಿದ್ದೀರಲ್ವಾ? ದೊಡ್ಡ ಚೌಕ ಒಂದೊಂದೂ 1 ಮಿ.ಮೀ. ಉದ್ದ, 1 ಮಿ.ಮೀ. ಅಗಲ, 0.1 ಮಿ.ಮೀ. ಆಳ. ಒಂದು ಚೌಕದ ಸರಾಸರಿಯನ್ನು 10,000ದಿಂದ ಗುಣಿಸಿದರೆ ಮಿ.ಲೀ.ಗೆ ಎಷ್ಟು ಕೋಶ ಅಂತ ಸಿಗುತ್ತದೆ. ಮೇಲಿನ ಮತ್ತು ಎಡಗಡೆ ಗೆರೆ ಮುಟ್ಟಿದ್ದನ್ನು ಎಣಿಸಿ, ಕೆಳಗಿನ ಮತ್ತು ಬಲಗಡೆಯದ್ದನ್ನು ಬಿಡಿ.

ನಾಲ್ಕು ಮೂಲೆ ಚೌಕಗಳಲ್ಲಿ ನನಗೆ ಸಿಕ್ಕಿದ್ದು 22, 31, 19, 28. ಒಟ್ಟು 100, ಸರಾಸರಿ 25. ಅಂದರೆ ಮಿ.ಲೀ.ಗೆ 2,50,000. ಎಣಿಕೆ ಎಷ್ಟು ಆಚೀಚೆ ಆಗಬಹುದು ಅಂದರೆ ಅದರ ವರ್ಗಮೂಲದಷ್ಟು ಅಂತ ಓದಿದ್ದೆ. 2,50,000ದ ವರ್ಗಮೂಲ 500, ಅಂದರೆ ಬರೀ ಶೇ. 0.2. ಹಾಗೇ ಬರೆದೆ. ಪೂರ್ತಿ ತಪ್ಪು.

ನಾನು ಕಣ್ಣಾರೆ ಎಣಿಸಿದ್ದು 100 ಕೋಶ ಮಾತ್ರ. ಉಳಿದದ್ದೆಲ್ಲ ಗುಣಾಕಾರದಿಂದ ಬಂದದ್ದು, ಅದರಿಂದ ಹೊಸ ಮಾಹಿತಿ ಏನೂ ಸಿಗುವುದಿಲ್ಲ. ಹಾಗಾಗಿ ವರ್ಗಮೂಲ 100ಕ್ಕೇ ತೆಗೆಯಬೇಕು: 10. ಅದು ಶೇ. 10. ಆಮೇಲೆ ಎಷ್ಟರಿಂದ ಗುಣಿಸಿದರೂ ಈ ಶೇಕಡಾ ಬದಲಾಗುವುದಿಲ್ಲ. ಉತ್ತರ 2,50,000, ಆಚೀಚೆ 25,000. ಮಾದರಿಯನ್ನು ಎರಡು ಪಟ್ಟು ತೆಳು ಮಾಡಿದ್ದರೆ 5,00,000, ಆಚೀಚೆ 50,000.

ಸರಾಸರಿ 25ರ ವರ್ಗಮೂಲ 5, ಹಾಗಾದರೆ ಶೇ. 20 ಅಲ್ವಾ ಅಂತಲೂ ಗೊಂದಲವಾಯಿತು. ಆ 5 ಒಂದೇ ಚೌಕದ ಏರಿಳಿತ. ನಾಲ್ಕು ಚೌಕದ ಸರಾಸರಿಗೆ ಅದನ್ನು 4ರ ವರ್ಗಮೂಲದಿಂದ ಭಾಗಿಸಬೇಕು. 2.5 ಬರುತ್ತದೆ. 25ಕ್ಕೆ 2.5 ಅಂದರೆ ಮತ್ತೆ ಶೇ. 10! ಎರಡು ದಾರಿಯೂ ಒಂದೇ ಕಡೆ ಬಂದಾಗಲೇ ನನಗೆ ನಂಬಿಕೆ ಬಂದದ್ದು. ಶೇ. 5ಕ್ಕೆ ಇಳಿಸಬೇಕಾದರೆ 400 ಕೋಶ ಎಣಿಸಬೇಕು.

ಇದರ ಹಿಂದಿರುವುದು ಪ್ವಾಸಾನ್ ಹಂಚಿಕೆ, ಅಂದರೆ ಯಾದೃಚ್ಛಿಕವಾಗಿ ಹರಡಿದವನ್ನು ಎಣಿಸಿದಾಗ ಬರುವ ಸಂಖ್ಯೆಗಳ ಮಾದರಿ: ಇದರಲ್ಲಿ ಸರಾಸರಿ ಮತ್ತು ವೇರಿಯನ್ಸ್ (ಏರಿಳಿತದ ವರ್ಗದ ಸರಾಸರಿ) ಸಮ. ಡಬ್ಲಿನ್‌ನ ಗಿನ್ನೆಸ್ ಬ್ರೂವರಿಯ ಗಾಸೆಟ್, ‘ಸ್ಟೂಡೆಂಟ್’ ಎಂಬ ಹೆಸರಲ್ಲಿ 1907ರಲ್ಲಿ ಇದನ್ನೇ ಯೀಸ್ಟ್ ಎಣಿಸಿ ತೋರಿಸಿದರು. ಅವರ ಒಂದು ಮಾದರಿಯಲ್ಲಿ 400 ಚೌಕ, ಸರಾಸರಿ 4.68, ವೇರಿಯನ್ಸ್ 4.46. ಎಷ್ಟು ಹತ್ತಿರ ನೋಡಿ!

ಕೋಶಗಳು ಗುಂಪು ಕಟ್ಟಿದರೆ ಮಾತ್ರ ಇದು ಕೈಕೊಡುತ್ತದೆ. ಅದನ್ನು ಪರೀಕ್ಷಿಸಲು, ಪ್ರತಿ ಚೌಕದ ಎಣಿಕೆಗೂ ಸರಾಸರಿಗೂ ಇರುವ ವ್ಯತ್ಯಾಸದ ವರ್ಗಗಳನ್ನು ಕೂಡಿಸಿ ಸರಾಸರಿಯಿಂದ ಭಾಗಿಸಿ. ನನ್ನದು 90 ಭಾಗಿಸು 25, ಅಂದರೆ 3.6. ನಾಲ್ಕು ಚೌಕಕ್ಕೆ ಇದು 7.81ರ ಒಳಗಿದ್ದರೆ ಸರಿ; ಬರೀ ಆಕಸ್ಮಿಕದಿಂದ ಆ ಗಡಿ ದಾಟುವುದು ಅಪರೂಪ. ಅದೇ 8, 47, 12, 33 ಬಂದಿದ್ದರೆ ಒಟ್ಟು 100 ಆದರೂ ಉತ್ತರ 40 ದಾಟುತ್ತದೆ. ಆಗ ಶೇ. 10 ಅಂತ ಬರೆಯಬೇಡಿ. ಟ್ಯೂಬ್ ಚೆನ್ನಾಗಿ ಕಲಕಿ, ಚೇಂಬರ್ ತೊಳೆದು, ಮತ್ತೆ ತುಂಬಿ ಎಣಿಸಿ.